ಫೋನ್ ಮಾಡಲು ಕಲಿಸಿದವಳು

ನಾನು ಕೆಲಸ ಮಾಡುವ ಆಸ್ಪತ್ರೆ ಯಾವ ಊರಿನದು ಎಂದು ಇಲ್ಲಿ ಬರೆಯುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಎಲ್ಲ ಕಡೆಯಿಂದಲೂ ರೋಗಿಗಳು ಬರುವ, ಒಂದು ಟ್ರಸ್ಟಿನವರು ನಡೆಸುವ ಆಸ್ಪತ್ರೆ ಅಂದರೆ ಸಾಕು. ಅಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ನನ್ನ ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ನಾನು ಅದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಿರಿಯ ಸಿಸ್ಟರ್ ಆಗಿದ್ದೆ. ಬಿ.ಎಸ್ಸಿ. ನರ್ಸಿಂಗ್ ಮಾಡಿದ್ದರೂ ಪುಸ್ತಕ ಮುಟ್ಟಿ ವರ್ಷಗಳೇ ಆಗಿದ್ದವು. ಕೈಗೆ ಕೆಲಸ ಬರುತ್ತಿತ್ತು, ಜನರ ಮುಖ ನೋಡಿದರೆ ನೋವು ಎಲ್ಲಿದೆ ಎಂದು ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದು ಏನೂ ಬೇಕು ಅನ್ನಿಸಿರಲಿಲ್ಲ.

ಒಂದು ದಿನ ಡೈರೆಕ್ಟರ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಅವರೂ ಡಾಕ್ಟರೇ. ಆದರೆ ರೋಗಿಗಳನ್ನು ನೋಡುವುದನ್ನು ಬಿಟ್ಟು ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದರು.

"ಸಿಸ್ಟರ್, ಕುಂದ್ರಿ," ಎಂದರು. ಅಷ್ಟು ವರ್ಷಗಳಲ್ಲಿ ಅವರೆದುರು ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. "ಮೇಟ್ರನ್ ರಿಟೈರ್ ಆಗ್ತಾರ. ಅವ್ರ ಜಾಗಾಕ ಹೊರಗಿನವ್ರನ್ನ ತರೋದು ನಂಗ ಮನಸಿಲ್ಲ. ನೀವು ಎಂ.ಎಸ್ಸಿ. ನರ್ಸಿಂಗ್ ಮಾಡ್ಕೊಂಡ್ ಬರ್ರಿ. ಓದೋ ಖರ್ಚು ನಾವು ನೋಡ್ಕೊಂತೀವಿ. ಆಮ್ಯಾಲ ನರ್ಸಿಂಗ್ ಎಲ್ಲಾ ನಿಮ್ಮ ಕೈಯಾಗ."

ನಾನು ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡ್. ನಮ್ಮ ಮನೆ ಇರುವುದು ಶಹಾಬಾದಿನಲ್ಲಿ. ಎಷ್ಟು ಹೊತ್ತಿಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ.

"ಈ ವಯಸ್ಸಿನಾಗ ಓದ್ತೀಯೇನು?" ಎಂದು ಕೇಳಿದರು.

"ಓದಬಾರ್ದೇನ್ರಿ?"

"ಓದು. ನಾ ಬ್ಯಾಡ ಅಂದ್ನೇನು? ರೊಟ್ಟಿ ಮಾಡೋದು ನಂಗೂ ಬರ್ತದ, ದುಂಡಗ ಬರಂಗಿಲ್ಲ ಅಷ್ಟೇ."

ಸೇರುವ ಮುಂಚೆ ಆಸ್ಪತ್ರೆಯವರು ಒಂದು ಕರಾರಿಗೆ ಸಹಿ ಮಾಡಿಸಿಕೊಂಡರು. ಓದು ಮುಗಿದ ಮೇಲೆ ಐದು ವರ್ಷ ಅಲ್ಲೇ ದುಡಿಯಬೇಕು, ಅಲ್ಲಿಯವರೆಗೆ ನನ್ನ ಮೂಲ ಸರ್ಟಿಫಿಕೇಟುಗಳು ಅವರ ಬಳಿಯೇ ಇರಬೇಕು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಲ್ಲೇ ದುಡಿಯಬೇಕೆಂದೇ ತಾನೆ ನಾನು ಓದಲು ಹೊರಟದ್ದು.

ಎರಡು ವರ್ಷ ಶಹಾಬಾದಿನಿಂದ ಕಲಬುರಗಿಗೆ ರೈಲಿನಲ್ಲಿ ಓಡಾಡಿದೆ. ಕ್ಲಾಸಿನಲ್ಲಿ ನಾನೇ ಎಲ್ಲರಿಗಿಂತ ದೊಡ್ಡವಳು. ಉಳಿದವರು ನನ್ನನ್ನು ಅಕ್ಕ ಎನ್ನುತ್ತಿದ್ದರು, ಒಬ್ಬಳು ಮಾತ್ರ ಮರೆತು ಆಂಟಿ ಅಂದುಬಿಟ್ಟಿದ್ದಳು. ಭಂಕೂರಿನ ಕನ್ನಡ ಶಾಲೆಯಲ್ಲಿ ಕಲಿತ ನನಗೆ ಆ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳ ಒಂದೊಂದು ಪುಟವೂ ಗುಡ್ಡವಾಗಿತ್ತು. ನನ್ನ ಅಪ್ಪ ಫರಸಿ ಕಲ್ಲಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವರು. ಹಾಸುಗಲ್ಲಿನ ಪದರು ಬಿಡಿಸುವಾಗ ಅವಸರ ಮಾಡಿದರೆ ಕಲ್ಲು ಒಡೆಯುತ್ತದೆ ಎನ್ನುತ್ತಿದ್ದರು. ನಾನೂ ಹಾಗೆಯೇ ಒಂದೊಂದು ಸಾಲನ್ನು ನಿಧಾನಕ್ಕೆ ಬಿಡಿಸಿಕೊಳ್ಳುತ್ತಾ ಓದಿದೆ. ಮನೆಯಲ್ಲಿ ಮಗಳು ಮೇಜಿನ ಆ ಬದಿಗೆ, ನಾನು ಈ ಬದಿಗೆ. ಅವಳಿಗೆ ತಿಳಿಯದ ವಿಜ್ಞಾನ ನಾನು ಹೇಳಿಕೊಡುತ್ತಿದ್ದೆ, ನನಗೆ ತಿಳಿಯದ ಇಂಗ್ಲಿಷ್ ಅವಳು ಹೇಳಿಕೊಡುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ದಣಿದ ದಿನಗಳೂ ಇಲ್ಲ, ಅಷ್ಟು ಸಂತೋಷದ ದಿನಗಳೂ ಇಲ್ಲ.

ವಾರ್ಡು ನಡೆಸುವುದು, ಡ್ಯೂಟಿ ಹಂಚುವುದು, ಜಗಳ ಬಿಡಿಸುವುದು, ಹೊಸಬರನ್ನು ತಯಾರು ಮಾಡುವುದು ಇವೆಲ್ಲ ಪಾಠದಲ್ಲಿದ್ದವು. ಆದರೆ ನನ್ನನ್ನು ಹಿಡಿದು ಅಲುಗಾಡಿಸಿದ್ದು ಒಂದೇ ಸಂಗತಿ. ತರಬೇತಿಗೆಂದು ನಮ್ಮನ್ನು ಕಳಿಸಿದ್ದ ದೊಡ್ಡ ಆಸ್ಪತ್ರೆಯ ಐ.ಸಿ.ಯು.ನಲ್ಲಿ ಒಬ್ಬ ಸಿಸ್ಟರ್, ಡಾಕ್ಟರು ಬರೆದ ಔಷಧಿಯ ಪ್ರಮಾಣ ನೋಡಿ, "ಸರ್, ಇದು ಹೆಚ್ಚಾಗ್ತದ, ಇನ್ನೊಮ್ಮೆ ನೋಡ್ರಿ," ಎಂದಳು. ಈಗ ಬೈಗುಳ ಬೀಳುತ್ತದೆ ಎಂದುಕೊಂಡೆ. ಡಾಕ್ಟರು ಹಾಳೆ ತೆಗೆದುಕೊಂಡು ನೋಡಿದರು, ಹೊಡೆದು ಹಾಕಿ ಬೇರೆ ಬರೆದರು, "ಥ್ಯಾಂಕ್ಸ್ ಸಿಸ್ಟರ್," ಎಂದು ಮುಂದಿನ ಹಾಸಿಗೆಗೆ ಹೋದರು. ಅಷ್ಟೇ. ಯಾರೂ ಸಾಯಲಿಲ್ಲ, ಯಾರ ಮರ್ಯಾದೆಯೂ ಹೋಗಲಿಲ್ಲ.

ಸಂಜೆ ಅದನ್ನು ನಮ್ಮ ಪ್ರೊಫೆಸರ್ ಮೇಡಂಗೆ ಹೇಳಿದೆ. ಅವರು ತಲೆಗೂದಲು ಪೂರ್ತಿ ಬೆಳ್ಳಗಾದ, ಗಟ್ಟಿ ದನಿಯ ಹೆಂಗಸು. "ಅದರಾಗ ಆಶ್ಚರ್ಯ ಏನದ?" ಎಂದರು. "ಡಾಕ್ಟರು ರೋಗಿ ಹತ್ರ ಐದು ನಿಮಿಷ ಇರ್ತಾರ. ಇಡೀ ದಿನ ಇರೋರು ನಾವು. ನೋಡಿದ್ದನ್ನ ಬಾಯಿ ಬಿಟ್ಟು ಹೇಳಂಗಿಲ್ಲ ಅಂದ್ರ, ನಾವು ನೋಡೋದು ಯಾತಕ್ಕ?"

ಅಂದು ವಾಪಸು ಬರುವ ರೈಲಿನಲ್ಲಿ ನಾನು ನಮ್ಮ ವಾರ್ಡಿನಲ್ಲಿ ಕಣ್ಣಾರೆ ಕಂಡ ಸಾವುಗಳನ್ನೆಲ್ಲ ನೆನೆದೆ. ಎಷ್ಟೋ ಸಲ ಸಿಸ್ಟರುಗಳಿಗೆ ಮೊದಲೇ ಗೊತ್ತಾಗಿತ್ತು. ಗೊತ್ತಾಗಿಯೂ ಡಾಕ್ಟರ ಊಟದ ಹೊತ್ತು, ನಿದ್ದೆಯ ಹೊತ್ತು, ಅವರ ಸಿಟ್ಟು ಎಂದು ಕಾದಿದ್ದರು. ಇದನ್ನು ನಿಲ್ಲಿಸುವುದೇ ನನ್ನ ಕೆಲಸ ಎಂದು ನಾನು ನಿರ್ಧರಿಸಿದೆ.

ಪಾಸಾಗಿ ಬಂದ ಮೇಲೆ ನನ್ನನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಮಾಡಿದರು. ಒಂದು ಕೋಣೆ ಕೊಟ್ಟರು. ಮೊದಲ ದಿನವೇ ನನ್ನ ಹಳೆಯ ಜೊತೆಗಾತಿ ಬಾಗಿಲಲ್ಲಿ ನಿಂತು, "ಒಳಗ ಬರ್ಲೇನ್ರಿ ಮೇಡಂ?" ಎಂದಳು. ಅವಳು ನನಗಿಂತ ದೊಡ್ಡವಳು, ಚಿತ್ತಾಪುರದವಳು, ಗಂಡಸರ ವಾರ್ಡಿನ ಸಿಸ್ಟರ್. ಹತ್ತಾರು ವರ್ಷ ಒಂದೇ ಡಬ್ಬಿಯಲ್ಲಿ ಪುಂಡಿಪಲ್ಯ ಹಂಚಿಕೊಂಡು ಉಂಡಿದ್ದೆವು.

"ಏನಕ್ಕಾ ಇದು, ಮೇಡಂ ಅಂತೀಯಲ್ಲ?"

"ಅನ್ಬೇಕಲ್ಲ. ಖುರ್ಚಿ ಬ್ಯಾರೆ ಆಯ್ತು," ಎಂದು ನಕ್ಕಳು. ಆ ದಿನದಿಂದ ನಾನು ಒಬ್ಬಳೇ ಉಣ್ಣತೊಡಗಿದೆ.

ನಾನು ತಂದ ನಿಯಮ ಬಹಳ ಸರಳ. ರೋಗಿಯ ಉಸಿರು, ನಾಡಿ, ಬಿ.ಪಿ., ಮೂತ್ರ, ಎಚ್ಚರ ಇವುಗಳಲ್ಲಿ ಯಾವುದಾದರೂ ಹದ ತಪ್ಪಿದರೆ ಸಿಸ್ಟರ್ ನೇರವಾಗಿ ಡಾಕ್ಟರಿಗೆ ಫೋನ್ ಮಾಡಬೇಕು. ಬರದಿದ್ದರೆ ಮತ್ತೆ ಮಾಡಬೇಕು. ಆಗಲೂ ಬರದಿದ್ದರೆ ನನಗೆ ಮಾಡಬೇಕು. ಡೈರೆಕ್ಟರ್ ಮರುಮಾತಿಲ್ಲದೆ ಒಪ್ಪಿದರು. "ಭಾಳ ಛಲೋ ಆಯ್ತು, ಇದನ್ನ ಗ್ವಾಡಿಗಿ ಹಚ್ಚಿಸ್ರಿ," ಎಂದರು.

ಗೋಡೆಗೆ ಹಚ್ಚುವುದು ಸುಲಭ. ಹುಡುಗಿಯರ ಹೆದರಿಕೆ ಬಿಡಿಸುವುದು ಕಷ್ಟ. ಹಾಗಾಗಿ ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರನ್ನೂ ಊಟದ ಕೋಣೆಯಲ್ಲಿ ಕೂರಿಸಿಕೊಂಡು ನಾನೇ ಡಾಕ್ಟರಾಗಿ ಆಟ ಆಡಿಸುತ್ತಿದ್ದೆ. ಒಬ್ಬಳು ಕಿವಿಗೆ ಕೈ ಹಿಡಿದು, "ಸರ್, ಪೇಷಂಟಿಗಿ ಒಂಥರಾ ಆಗಾಕತ್ತದ್ರಿ," ಎಂದಳು.

"ಒಂಥರಾ ಅಂದ್ರೇನು? ನಂಗ ಊಟಾನೂ ಮಾಡಗೊಡಂಗಿಲ್ಲೇನು? ಇಡು ಫೋನ್!" ಎಂದು ನಾನು ಗದರಿಸಿದೆ. ಅವಳು ನಿಜವಾಗಿಯೂ ಹೆದರಿ ಕೈ ಇಳಿಸಿಬಿಟ್ಟಳು.

ಆಗ ಎದ್ದು ಬಂದವಳು ಸೇಡಂ ಕಡೆಯ ಆಡಕಿ ಎಂಬ ಹಳ್ಳಿಯ ಹುಡುಗಿ. ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಹೊಸದಾಗಿ ನಮ್ಮಲ್ಲಿ ಸೇರಿದ್ದಳು. ಆಳು ಸಣ್ಣ, ದನಿ ದೊಡ್ಡದು. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬಂದ ದನಿ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

"ಸರ್, ಹೆರಿಗಿ ವಾರ್ಡಿನ ಸಿಸ್ಟರ್ ಮಾತಾಡಾಕತ್ತೀನಿ. ಪೇಷಂಟಿನ ನಾಡಿ ಏರಾಕತ್ತದ, ಬಿ.ಪಿ. ಇಳಿಯಾಕತ್ತದ. ನೀವು ಬರ್ಬೇಕ್ರಿ."

"ಊಟಾ ಮಾಡಾಕತ್ತೀನಿ."

"ಕೈ ತೊಳ್ಕೊಂಡ್ ಬರ್ರಿ ಸರ್. ಊಟಾ ಇಲ್ಲೇ ತರಿಸ್ತೀನಿ."

ಕೋಣೆಯ ತುಂಬ ನಗು. ನನಗೂ ನಗು ತಡೆಯಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಹುಡುಗಿಯರು ಫೋನ್ ಮಾಡತೊಡಗಿದರು. ಡಾಕ್ಟರುಗಳು ಗೊಣಗಿದರು, ಆದರೂ ಬಂದರು. ನಾನು ಗೆದ್ದೆ ಎಂದುಕೊಂಡೆ.

ಚಿಂಚೋಳಿಯ ಆಚೆಗಿನ ಒಂದು ಹಳ್ಳಿಯಿಂದ ಬಸುರಿಯೊಬ್ಬಳನ್ನು ಕರೆತಂದರು. ಚೊಚ್ಚಲು. ಬೆಳಿಗ್ಗೆ ಸಿಸೇರಿಯನ್ ಆಯಿತು, ಗಂಡು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆಪರೇಷನ್ ಮಾಡಿದ ಡಾಕ್ಟರು ಊರಿನಲ್ಲಿರುವ ತಮ್ಮ ಸ್ವಂತ ಕ್ಲಿನಿಕ್ಕಿಗೆ ಹೋದರು. ನಾನು ಆರೋಗ್ಯ ಇಲಾಖೆಯ ಮೀಟಿಂಗಿಗೆಂದು ಚಿತ್ತಾಪುರಕ್ಕೆ ಹೋಗಿದ್ದೆ. ವಾರ್ಡಿನಲ್ಲಿ ಡ್ಯೂಟಿ ಆಡಕಿಯ ಹುಡುಗಿಯದು.

ಮಧ್ಯಾಹ್ನ ನಾನು ವಾಪಸು ಬರುವ ಬಸ್ಸು ಹತ್ತಿ ಕೂತಿದ್ದಾಗ ಅವಳ ಫೋನ್ ಬಂತು. ದೊಡ್ಡ ದನಿ ಸಣ್ಣದಾಗಿತ್ತು.

"ಮೇಡಂ, ಸಿಸೇರಿಯನ್ ಆದಾಕಿ ನಾಡಿ ಭಾಳ ಏರ್ಯದ್ರಿ. ಬಿ.ಪಿ. ಇಳಿಲಿಕತ್ತದ. ಮೈ ತಣ್ಣಗ, ನೀರು ನೀರು ಅನ್ನಾಕತ್ತಾಳ. ಹೊಟ್ಟಿ ಉಬ್ಬಾಕತ್ತದ್ರಿ. ಸರ್‌ಗೆ ಎರಡ್ ಸಲ ಫೋನ್ ಮಾಡ್ದೆ. ಡ್ರಿಪ್ ಜೋರ್ ಬಿಡು, ಸಂಜಿಗಿ ಬರ್ತೀನಿ ಅಂತಾರ."

ಹೊಟ್ಟೆಯೊಳಗೆ ರಕ್ತ ಹರಿಯುತ್ತಿದೆ ಎಂದು ನನಗೆ ಕೂತಲ್ಲೇ ತಿಳಿಯಿತು. "ಇನ್ನೊಮ್ಮೆ ಮಾಡು," ಎಂದೆ. "ನೀವು ಈಗ ಬರದಿದ್ರ ಡೈರೆಕ್ಟರ್ ಸರ್‌ಗೆ ಫೋನ್ ಮಾಡ್ತೀನಿ ಅಂತ ಹೇಳು."

"ಹಂಗ ಹೇಳ್ಲೇನ್ರಿ?"

"ಹೇಳು. ನಾನೂ ಈಗ ಡಾಕ್ಟರಿಗಿ ಮಾಡ್ತೀನಿ."

ನಾನು ಡಾಕ್ಟರಿಗೆ ಮಾಡಿದೆ, ಅವರ ಫೋನ್ ಬಿಜಿ ಇತ್ತು. ಆಗ ಅವರೊಡನೆ ಮಾತಾಡುತ್ತಿದ್ದವಳು ಆ ಹುಡುಗಿಯೇ ಎಂದು ಆಮೇಲೆ ತಿಳಿಯಿತು. ನಾನು ಆಸ್ಪತ್ರೆ ತಲುಪಿದಾಗ ಡಾಕ್ಟರು ಬಂದಾಗಿತ್ತು, ಹೆಂಗಸನ್ನು ಥಿಯೇಟರಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಹುಡುಗಿ ಸ್ಟ್ರೆಚರಿನ ಪಕ್ಕದಲ್ಲಿ ಬಾಟಲಿ ಎತ್ತಿ ಹಿಡಿದು ಓಡುತ್ತಿದ್ದಳು. ರಕ್ತಕ್ಕಾಗಿ ಕಲಬುರಗಿಗೆ ಗಾಡಿ ಓಡಿಸಿದರು. ಹೊಟ್ಟೆ ಮತ್ತೆ ತೆರೆದು ಹೊಲಿದರು. ಆ ಹೆಂಗಸು ಬದುಕಿದಳು. ಹೊರಗೆ ಕಾಯುತ್ತಿದ್ದ ಅತ್ತೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಏನೇನೋ ಹೇಳುತ್ತ ಹುಡುಗಿಯ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದು ದೃಷ್ಟಿ ತೆಗೆದಳು. ಹುಡುಗಿ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು. ಅವಳ ಸಮವಸ್ತ್ರದ ತೋಳೆಲ್ಲ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಡೈರೆಕ್ಟರ್ ಕರೆಸಿದರು. ಹೊಗಳಲು ಎಂದುಕೊಂಡು ಹೋದೆ. ಹೆರಿಗೆ ಡಾಕ್ಟರೂ ಅಲ್ಲೇ ಕೂತಿದ್ದರು, ನನ್ನ ಮುಖ ನೋಡಲಿಲ್ಲ.

"ನಿನ್ನಿ ಹುಡುಗಿ, ಆಡಕಿಯಾಕಿ, ಡಾಕ್ಟರಿಗಿ ಧಮಕಿ ಹಾಕ್ಯಾಳಂತ," ಎಂದರು ಡೈರೆಕ್ಟರ್.

"ಧಮಕಿ ಅಲ್ಲ ಸರ್. ಪೇಷಂಟ್ ಸಾಯ್ಲಿಕತ್ತಿದ್ಲು."

"ನನಗ ಪೇಷಂಟ್ ಬಗ್ಗೆ ಗೊತ್ತಿಲ್ಲೇನು?" ಎಂದು ಡಾಕ್ಟರು ಮೊದಲ ಸಲ ಬಾಯಿ ಬಿಟ್ಟರು. "ಹತ್ತು ಮಂದಿ ಕ್ಲಿನಿಕ್ಕಿನಾಗ ಕುಂತಿದ್ರು. ಫೋನಿನ ದನಿ ಎಲ್ಲಾರಿಗೂ ಕೇಳಸ್ತು. ಡೈರೆಕ್ಟರಿಗಿ ಹೇಳ್ತೀನಿ ಅಂತಾಳ. ನಿನ್ನಿ ಮೊನ್ನಿ ಬಂದ ಪೋರಿ."

"ಆಕಿ ಹೇಳಿದ್ದು ಸರಿ ಇತ್ತಲ್ರಿ ಸರ್?"

ಅದಕ್ಕೆ ಡೈರೆಕ್ಟರೇ ಉತ್ತರಿಸಿದರು. "ಸರಿ ಇತ್ತು. ಯಾರು ಇಲ್ಲ ಅಂದ್ರು? ಹೇಳೋ ರೀತಿ ಅಂತ ಒಂದು ಇರ್ತದ."

"ಆ ಮಾತು ಆಕಿದಲ್ಲ ಸರ್, ನಂದು. ಹಂಗ ಹೇಳು ಅಂತ ನಾನೇ ಹೇಳ್ದೆ. ಏನಾರ ಮಾಡೋದಿದ್ರ ನನಗ ಮಾಡ್ರಿ."

ಡೈರೆಕ್ಟರ್ ಬಹಳ ಮೃದುವಾಗಿ, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದರು. "ಮೇಡಂ, ಈ ಡಾಕ್ಟರ್ ಬಿಟ್ಟು ಹೋದ್ರ ನಾಳಿಂದ ಇಲ್ಲಿ ಹೆರಿಗಿ ಬಂದ್. ಈ ಕಡಿಗಿ ಬರ್ಲಿಕ್ಕ ಇನ್ನೊಬ್ರು ತಯಾರಿಲ್ಲ. ಚಿಂಚೋಳಿ ಕಡಿ ಬಸುರೇರು ಎಲ್ಲಿಗಿ ಹೋಗ್ಬೇಕು? ಅದನ್ನೂ ನೀವೇ ವಿಚಾರ ಮಾಡ್ರಿ. ಸಿಸ್ಟರ್‌ಗಳು ಸಿಗ್ತಾರ."

ಅವರು ಸುಳ್ಳು ಹೇಳಲಿಲ್ಲ, ಅದೇ ನನ್ನನ್ನು ಇಂದಿಗೂ ಸುಡುತ್ತದೆ. ಆ ಡಾಕ್ಟರು ಹೋದರೆ ಎಷ್ಟೋ ಬಸುರಿಯರು ದಾರಿಯಲ್ಲೇ ಸಾಯುವುದು ಖರೆ. ಒಬ್ಬ ಹುಡುಗಿಯ ನೌಕರಿಯನ್ನು ಅದರ ಎದುರು ಇಟ್ಟು ತೂಗಿ ನನ್ನ ಕೈಗೆ ತಕ್ಕಡಿ ಕೊಟ್ಟಿದ್ದರು.

ಹುಡುಗಿಯನ್ನು ಅದೇ ವಾರ ತೆಗೆದರು. ನಾನು ರಾಜೀನಾಮೆ ಕೊಡುತ್ತೇನೆ ಎಂದೆ. ಡೈರೆಕ್ಟರ್ ಸಿಟ್ಟಾಗಲಿಲ್ಲ. ನನ್ನ ಕರಾರು ಮುಗಿಯಲು ಇನ್ನೂ ವರ್ಷಗಳಿವೆ, ಸರ್ಟಿಫಿಕೇಟುಗಳು ಅವರ ಕಪಾಟಿನಲ್ಲಿವೆ ಎಂದು ನೆನಪಿಸಿದರು. ಆಮೇಲೆ ಇನ್ನೊಂದು ಮಾತು ಹೇಳಿದರು. "ಬರೋ ವರ್ಷ ನಮ್ಮದೇ ನರ್ಸಿಂಗ್ ಕಾಲೇಜ್ ಚಾಲೂ ಮಾಡಾಕತ್ತೀವಿ. ಅದಕ್ಕ ಪರವಾನಗಿ ಸಿಗ್ಬೇಕಂದ್ರ ಎಂ.ಎಸ್ಸಿ. ಆದೋರ ಹೆಸರು ಬೇಕು. ನಿಮ್ಮ ಹೆಸರು ಕೊಟ್ಟಾಗ್ಯದ. ನಿಮ್ಮನ್ನ ಓದಿಸಿದ್ದು ಮತ್ತ ಯಾತಕ್ಕಂತ ತಿಳ್ಕೊಂಡೀರಿ?"

ನನ್ನ ಎರಡು ವರ್ಷದ ರೈಲು, ಮಗಳ ಜೊತೆ ಕೂತ ಮೇಜು, ಗಂಡ ಬಡಿದ ಸೊಟ್ಟ ರೊಟ್ಟಿ ಎಲ್ಲ ಆ ಕ್ಷಣದಲ್ಲಿ ಬೇರೆಯಾಗಿ ಕಂಡವು. ಅವರಿಗೆ ಬೇಕಾಗಿದ್ದದ್ದು ನಾನು ಕಲಿತು ಬರುವುದಲ್ಲ, ನಾನು ಪಾಸಾಗಿ ಬರುವುದು.

ಒಂದು ಭಾನುವಾರ ಸೇಡಂಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಆಡಕಿಗೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ, ಹೋಗದೆ ಇರಲು ಆಗಲಿಲ್ಲ. ಹುಡುಗಿಯ ಅಪ್ಪ ಅಂಗಳದಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನಾನು ಯಾರೆಂದು ತಿಳಿದೊಡನೆ ಕಂಬಳಿ ಹಾಸಿ, "ಬರ್ರಿ, ಕುಂದ್ರಿ," ಎಂದರು. ಒಳಗಿನಿಂದ ತಾಯಿ ನೀರು ತಂದರು. ಮಗಳು ಬಾಗಿಲಿಗೆ ಒರಗಿ ನಿಂತಳು.

"ಮೇಡಂ, ನಮ್ಮ ಹುಡುಗಿ ಏನ್ ತಪ್ಪ ಮಾಡ್ಯಾಳ್ರಿ?" ಎಂದು ತಂದೆ ಕೇಳಿದರು. ದನಿಯಲ್ಲಿ ಜಗಳವಿರಲಿಲ್ಲ. "ಊರಾಗ ಮಂದಿ ಕೇಳ್ತಾರ. ಔಷಧಿ ಗಿವಷಧಿ ತಪ್ಪ ಕೊಟ್ಟಾಳೇನು ಅಂತಾರ."

"ಏನೂ ತಪ್ಪು ಮಾಡಿಲ್ರಿ. ಒಂದು ಜೀವ ಉಳಿಸ್ಯಾಳ."

"ಮತ್ತ ಯಾಕ ತೆಗದ್ರಿ?"

ನಾನು ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತೆ. ಅವರು ಉತ್ತರಕ್ಕಾಗಿ ಕಾದರು. ಕಾದು ಕಾದು, ತಮ್ಮ ಪ್ರಶ್ನೆಯೇ ಸರಿಯಿಲ್ಲವೇನೋ ಎಂಬಂತೆ ಮುಖ ತಗ್ಗಿಸಿ, "ಇರ್ಲಿ ಬಿಡ್ರಿ, ಊಟಾ ಮಾಡ್ಕೊಂಡ್ ಹೋಗ್ರಿ," ಎಂದು ಎಮ್ಮೆಯ ಕಡೆ ಹೋದರು.

ಹುಡುಗಿ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ಕಲಬುರಗಿಯ ಬೇರೆ ಆಸ್ಪತ್ರೆಗಳಲ್ಲಿ ಕೇಳಿ ನೋಡುತ್ತೇನೆ ಎಂದೆ.

"ಬ್ಯಾಡ್ರಿ ಮೇಡಂ. ಕೇಳ್ದೆ ನಾ. ಹಿಂದಿನ ಕಡಿ ಯಾಕ ಬಿಟ್ಟಿ ಅಂತ ಕೇಳ್ತಾರ. ಖರೇ ಹೇಳಿದ್ರ ಆಮ್ಯಾಲ ತಿಳಸ್ತೀವಿ ಅಂತಾರ."

"ನನ್ನ ಮ್ಯಾಲ ಸಿಟ್ಟದೇನು?"

"ಸಿಟ್ಟಿಲ್ರಿ. ನೀವು ನಮಗ ಮಾತಾಡ್ಲಿಕ್ಕ ಕಲ್ಸಿದ್ರಿ. ಅವ್ರಿಗಿ ಕೇಳ್ಲಿಕ್ಕ ಯಾರೂ ಕಲ್ಸಿಲ್ಲ. ಮೊದಲ ಅದನ್ನ ಮಾಡ್ಬೇಕಿತ್ರಿ."

ಬಸ್ಸು ಬಂತು. ನಾನು ಹತ್ತಿದೆ.

ಆಮೇಲೆ ಆಸ್ಪತ್ರೆ ಮೌನವಾಯಿತು. ಯಾರೂ ನನಗೆ ಎದುರಾಡಲಿಲ್ಲ, ನಿಯಮ ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಗೋಡೆಯ ಮೇಲಿನ ಹಾಳೆ ಹಾಗೆಯೇ ಇತ್ತು. ಸಿಸ್ಟರುಗಳು ನಾಡಿ, ಬಿ.ಪಿ. ಎಲ್ಲ ಮೊದಲಿಗಿಂತ ಅಚ್ಚುಕಟ್ಟಾಗಿ ಬರೆಯುತ್ತಿದ್ದರು. ಫೋನ್ ಮಾತ್ರ ಮಾಡುತ್ತಿರಲಿಲ್ಲ. ನಾನು ಊಟದ ಕೋಣೆಗೆ ಹೋದರೆ ಹುಡುಗಿಯರು ಡಬ್ಬಿ ಮುಚ್ಚಿ ಏಳುತ್ತಿದ್ದರು. ನನ್ನ ಮೇಲೆ ಗೌರವ ಕಡಿಮೆಯಾಗಿತ್ತೋ, ನನ್ನ ಮಾತು ಕೇಳಿದರೆ ಏನಾಗುತ್ತದೆಂಬ ಭಯ ಹೆಚ್ಚಾಗಿತ್ತೋ, ಎರಡೂ ಇದ್ದಿರಬಹುದು.

ಕುರಕುಂಟಾದ ರೈತನೊಬ್ಬ ನ್ಯುಮೋನಿಯಾ ಎಂದು ಗಂಡಸರ ವಾರ್ಡಿನಲ್ಲಿದ್ದ. ಒಂದು ದಿನ ಬೆಳಿಗ್ಗೆಯಿಂದಲೇ ಅವನ ಉಸಿರು ಏರುತ್ತ ಹೋಯಿತು. ಡ್ಯೂಟಿಯಲ್ಲಿದ್ದವಳು ಚಿತ್ತಾಪುರದ ನನ್ನ ಹಳೆಯ ಜೊತೆಗಾತಿ. ಅವಳು ಫಿಜಿಷಿಯನ್‌ಗೆ ಒಂದು ಸಲ ಫೋನ್ ಮಾಡಿದಳು. ಓ.ಪಿ.ಡಿ. ಮುಗಿಸಿ ಬರುತ್ತೇನೆ ಎಂದರು. ಅವಳು ಮತ್ತೆ ಮಾಡಲಿಲ್ಲ. ನನಗೂ ಮಾಡಲಿಲ್ಲ. ನಾನು ಮಹಡಿಯ ಮೇಲೆ, ಹೊಸ ಕಾಲೇಜಿನ ಕೋಣೆಗಳಿಗೆ ಬೆಂಚು ಎಲ್ಲೆಲ್ಲಿ ಹಾಕಬೇಕೆಂದು ಕೆಲಸದವರಿಗೆ ತೋರಿಸುತ್ತಿದ್ದೆ. ಓ.ಪಿ.ಡಿ. ಮುಗಿಯುವ ಮುಂಚೆಯೇ ಆ ಮನುಷ್ಯ ತೀರಿಹೋದ.

ಕೆಳಗಿನಿಂದ ಅಳುವ ಸದ್ದು ಕೇಳಿ ಇಳಿದು ಬಂದೆ. ಅವಳು ಸಿಸ್ಟರುಗಳ ಕೋಣೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದಳು.

"ಯಾಕ ಮತ್ತ ಫೋನ್ ಮಾಡ್ಲಿಲ್ಲ ಅಕ್ಕಾ? ನಾ ಮ್ಯಾಲೇ ಇದ್ದೆ."

"ಮಾಡ್ಬೇಕಂತ ಕೈಯಾಗ ಹಿಡ್ದಿದ್ದೆ," ಎಂದಳು. "ಆ ಪೋರಿ ನೆನಪಾದ್ಲು. ನನ್ನ ಮನಿಯಾಗ ದುಡಿಯಾಕಿ ನಾ ಒಬ್ಬಾಕಿ. ಈ ವಯಸ್ಸಿನಾಗ ನನಗ ಯಾರು ನೌಕರಿ ಕೊಡ್ತಾರ ಹೇಳು?" ಬಹಳ ದಿನಗಳ ಮೇಲೆ ಅವಳು ನನ್ನನ್ನು ಮೇಡಂ ಅನ್ನಲಿಲ್ಲ. "ನಿನಗ ಫೋನ್ ಮಾಡಿದ್ರ ನೀ ಏನ್ ಮಾಡ್ತಿದ್ದಿ? ನೀನೂ ಅವ್ರಿಗೇ ಮಾಡ್ತಿದ್ದಿ."

ನಾನು ಅವಳ ಪಕ್ಕದಲ್ಲಿ ಕೂತೆ. ಬೈಯಬೇಕಾದ ಹುದ್ದೆ ನನ್ನದು. ಬೈಯಲು ಬಾಯಿ ಬರಲಿಲ್ಲ. ಹೊರಗೆ ಸತ್ತವನ ಹೆಂಡತಿ ಅಳುತ್ತಿದ್ದಳು.

ಆ ದಿನಗಳಲ್ಲೇ ಒಮ್ಮೆ ನಮ್ಮ ಪ್ರೊಫೆಸರ್ ಮೇಡಂಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಅವರು ಏನಾದರೂ ದಾರಿ ತೋರಿಸುತ್ತಾರೆ, ಕಡೆಗೆ ನನ್ನನ್ನು ಬೈಯುತ್ತಾರೆ ಎಂದು ಕಾದಿದ್ದೆ.

"ಏನ್ ಹೇಳ್ಲಿ ನಿನಗ?" ಎಂದರು ಅವರು. "ನಾನು ವಾರ್ಡ್ ಬಿಟ್ಟು ಕಾಲೇಜಿಗಿ ಬಂದಿದ್ದು ಯಾಕಂತ ತಿಳ್ಕೊಂಡಿ? ನನಗೂ ಇಂಥದ್ದೇ ಒಂದು ಆಗಿತ್ತು. ಪಾಠ ಹೇಳೋದಾದ್ರೂ ಹೇಳೋಣ, ಮುಂದಿನವ್ರಿಗಾದ್ರೂ ಆದೀತು ಅಂತ ಈ ಕಡಿ ಬಂದೆ."

ಮುಂದಿನವರು ಎಂದರೆ ನಾವೇ ತಾನೆ ಎಂದು ನಾನು ಕೇಳಲಿಲ್ಲ. ಅವರ ಗಟ್ಟಿ ದನಿ ಆಗಲೇ ಬಹಳ ದಣಿದಿತ್ತು.

ದೀಪಾವಳಿಯ ಮುಂಚೆ ಮಗಳಿಗೆ ಬಟ್ಟೆ ತರಲು ಸೇಡಂಗೆ ಹೋದಾಗ, ಒಂದು ಸೀರೆ ಅಂಗಡಿಯಲ್ಲಿ ಆಡಕಿಯ ಹುಡುಗಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದಳು. ನನ್ನನ್ನು ಕಂಡೊಡನೆ ಎದ್ದು ಬಂದು ಕೈ ಹಿಡಿದಳು. ನನ್ನ ಮಗಳಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ತಾನೇ ಆರಿಸಿ ಕೊಟ್ಟಳು. ಚೆನ್ನಾಗಿಯೇ ಆರಿಸಿದಳು.

"ಹ್ಯಾಂಗ ಅದೀ?" ಎಂದೆ.

"ಆರಾಮ ಅದೀನ್ರಿ. ಸೇಠ್ ಛಲೋ ಮನುಷ್ಯ. ಹೊತ್ತಿಗಿ ಊಟಾ, ಹೊತ್ತಿಗಿ ಮನಿ. ಇಲ್ಲಿ ಯಾರೂ ಸಾಯಂಗಿಲ್ಲಲ್ರಿ ಮೇಡಂ." ನಗುತ್ತಲೇ ಹೇಳಿದಳು. ಅಷ್ಟರಲ್ಲಿ ಮುದುಕಿಯೊಬ್ಬಳು ಅಂಗಡಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೂತಳು. ಹುಡುಗಿಯ ಕೈ ತಾನಾಗಿ ಮುದುಕಿಯ ಮಣಿಕಟ್ಟಿಗೆ ಹೋಯಿತು, ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದಾಗ ಕೈ ಹಿಂದೆ ತೆಗೆದುಕೊಂಡಳು. "ಏನ್ ತೋರಿಸ್ಲಿ ಅವ್ವಾ?" ಎಂದು ಕೇಳಿದಳು.

ಈಗ ಕಾಲೇಜು ನಡೆಯುತ್ತಿದೆ. ನಾನು ವಾರದಲ್ಲಿ ಕೆಲವು ದಿನ ಅಲ್ಲಿ ಪಾಠ ಮಾಡುತ್ತೇನೆ, ಉಳಿದ ದಿನ ಆಸ್ಪತ್ರೆ. ನನ್ನನ್ನು ಮತ್ತೆ ವಾರ್ಡಿಗೆ ಹಾಕಿ, ಬರೀ ಸಿಸ್ಟರ್ ಆಗಿ ಇರುತ್ತೇನೆ ಎಂದು ಡೈರೆಕ್ಟರನ್ನು ಕೇಳಿ ನೋಡಿದೆ. ಅವರು ಅದನ್ನು ತಮಾಷೆ ಎಂದೇ ತಿಳಿದರು. ನಾನು ಸಂಜೆ ಬಂದು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ಕೂತುಬಿಟ್ಟರೆ ಗಂಡ ಚಹಾ ಮಾಡಿ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಮಗಳು ಪಿ.ಯು.ಸಿ. ಮುಗಿಸುತ್ತಿದ್ದಾಳೆ. ನರ್ಸಿಂಗಿಗೆ ಸೇರಲೇ ಎಂದು ಒಮ್ಮೆ ಕೇಳಿದಳು. ನಾನು ತಕ್ಷಣ ಬೇಡ ಎಂದುಬಿಟ್ಟೆ. ಅವಳು ಯಾಕೆ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೇ ನನಗೆ ನೋವಾಯಿತು.

ವಿದ್ಯಾರ್ಥಿನಿಯರು ಪಾಪ, ಕಣ್ಣರಳಿಸಿಕೊಂಡು ಕೇಳುತ್ತಾರೆ. ಯಾವ ಲಕ್ಷಣ ಕಂಡರೆ ಏನು ಎಂದು ನಾನು ಇನ್ನೂ ಮನಸ್ಸಿಟ್ಟು ಕಲಿಸುತ್ತೇನೆ. ಹೋದ ವಾರ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಫೋನ್ ಮಾಡಿದಾಗ ಡಾಕ್ಟರ್ ಬೈದ್ರ ಏನ್ ಮಾಡ್ಬೇಕ್ರಿ?" ಎಂದು ಕೇಳಿದಳು.

"ಮೊದಲ ನನಗ ಮಾಡು," ಎಂದೆ. "ಯಾರಿಗೂ ಮಾಡೋ ಮುಂಚೆ ನನಗ ಮಾಡು."

ಆಸ್ಪತ್ರೆಯಲ್ಲೂ ಈಗ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ಅವರ ಬದಲು ನಾನೇ ಡಾಕ್ಟರುಗಳಿಗೆ ಫೋನ್ ಮಾಡುತ್ತೇನೆ. ಸರ್, ತೊಂದರೆ ಕೊಡುತ್ತಿದ್ದೇನೆ, ದಯವಿಟ್ಟು ಸಿಟ್ಟಾಗಬೇಡಿ ಎಂದು ಶುರು ಮಾಡುತ್ತೇನೆ. ಕೆಲವು ಸಲ ಬರುತ್ತಾರೆ, ಕೆಲವು ಸಲ ಬರುವುದಿಲ್ಲ. ಬರದಿದ್ದಾಗ ನಾನು ಹೋಗಿ ರೋಗಿಯ ಪಕ್ಕದಲ್ಲಿ ನಿಲ್ಲುತ್ತೇನೆ. ಮನೆಯವರು ನನ್ನ ಮುಖ ನೋಡಿ, ದೊಡ್ಡ ಮೇಡಂ ಬಂದರು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಜಾಗ ಬಿಡುತ್ತಾರೆ.